ಕಾಲು ಜೋಮು ಹಿಡಿದಾಗ

ಮದುವೆಯ ಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಹೋಳಿಗೆಯ ಎರಡನೆಯ ವಿಚಾರಣೆ ಮುಗಿಯುವವರೆಗೂ ಅಲುಗದೆ ಉಂಡು, ಕೊನೆಗೆ ಕೈ ತೊಳೆಯಲು ಏಳಹೋದಾಗ ಒಂದು ಕಾಲು ತನ್ನದೇ ಅಲ್ಲವೆಂಬಂತೆ ನೆಲಕ್ಕೆ ಅಂಟಿಕೊಂಡ ಅನುಭವ ಯಾರಿಗೆ ತಾನೆ ಇಲ್ಲ? ಪಕ್ಕದವರ ಭುಜವನ್ನು ಹಿಡಿದು, ಮುಖದಲ್ಲಿ ನಗೆಯನ್ನೂ ಒಳಗೆ ಸಂಕಟವನ್ನೂ ಹೊತ್ತು ಒಂದೆರಡು ನಿಮಿಷ ನಿಂತರೆ, ಸಾವಿರ ಇರುವೆಗಳು ಒಮ್ಮೆಲೇ ಹರಿದಾಡಿದಂತೆ ಜುಮುಜುಮು ಎಂದು, ಆಮೇಲೆ ಕಾಲು ಮೆಲ್ಲನೆ ಒಡೆಯನ ವಶಕ್ಕೆ ಮರಳುತ್ತದೆ. ಇದಕ್ಕೆ ಕನ್ನಡದಲ್ಲಿ ‘ಜೋಮು’ ಎಂಬ ಚಿಕ್ಕ, ಚೊಕ್ಕ ಹೆಸರಿದೆ. ಮುಟ್ಟಿದ್ದೂ ತಿಳಿಯದಂತಾದರೆ ‘ಮರಗಟ್ಟಿತು’ ಎಂಬ ಇನ್ನೊಂದು ಮಾತಿದೆ. ದಿನಬಳಕೆಯಲ್ಲಿ ಈ ಎರಡಕ್ಕೂ ಹೆಚ್ಚಿನ ಭೇದವನ್ನು ಯಾರೂ ಎಣಿಸುವುದಿಲ್ಲ. ಆದರೆ ಆ ಭೇದ ಎಷ್ಟು ದೊಡ್ಡದಾಗಬಲ್ಲದೆಂಬುದನ್ನು ಬೆಂಗಳೂರಿನ ಒಂದು ಸಂಸಾರ ಈಚೆಗೆ ಕಂಡುಕೊಂಡಿತು.

ಜಯನಗರದಲ್ಲಿ ವಾಸವಾಗಿರುವ ಆ ಗೃಹಸ್ಥರನ್ನು ರಾಯರು ಎಂದಷ್ಟೇ ಕರೆದರೆ ಸಾಕು. ವಯಸ್ಸು ಐವತ್ತಾರು, ಬ್ಯಾಂಕೊಂದರಲ್ಲಿ ಅಧಿಕಾರಿ, ಕುರ್ಚಿಯಲ್ಲಿ ಕುಳಿತೇ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದವರು. ಕಳೆದ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ರಕ್ತದ ಒತ್ತಡ ಸ್ವಲ್ಪ ಏರಿದೆಯೆಂದೂ, ಸೊಂಟದ ಸುತ್ತಳತೆ ಅದಕ್ಕಿಂತ ಹೆಚ್ಚು ಏರಿದೆಯೆಂದೂ ವರದಿ ಬಂದಿತು. ಪುಣೆಯಲ್ಲಿರುವ ಮಗಳು ತಂದೆಯ ಒಪ್ಪಿಗೆಗೆ ಕಾಯದೆ, ಮನೆಯಿಂದ ಎರಡು ರಸ್ತೆಯಾಚೆಗಿರುವ ಜಿಮ್ಮಿಗೆ ಒಂದು ವರ್ಷದ ಶುಲ್ಕವನ್ನು ಅಲ್ಲಿಂದಲೇ ಕಟ್ಟಿಬಿಟ್ಟಳು. ಕಟ್ಟಿದ ಹಣ ವ್ಯರ್ಥವಾಗಬಾರದೆಂಬುದು ಬ್ಯಾಂಕಿನವರ ಕುಲಧರ್ಮ. ರಾಯರು ಬೀರುವಿನಲ್ಲಿದ್ದ ಹಳೆಯ ಕ್ಯಾನ್‌ವಾಸ್ ಬೂಟುಗಳ ಧೂಳು ಕೊಡವಿ, ಬೆಳಗಿನ ಆರು ಗಂಟೆಗೆ ಅಲ್ಲಿಗೆ ಹೋಗತೊಡಗಿದರು.

ಕನ್ನಡನಾಡಿಗೆ ಅಂಗಸಾಧನೆ ಹೊಸದೇನಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಿಂತು ತೊಡೆ ತಟ್ಟಿದ ಪೈಲ್ವಾನರ ಪರಂಪರೆ ದೊಡ್ಡದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ತರುಣರ ಮೈಯನ್ನು ತಿದ್ದಿದ ಕೆ. ವಿ. ಅಯ್ಯರ್ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದು, ತೋಳಿನ ಬಲಕ್ಕೂ ಲೇಖನಿಯ ಬಲಕ್ಕೂ ವೈರವಿಲ್ಲವೆಂದು ತೋರಿಸಿಕೊಟ್ಟರು. ಆದರೆ ಇಂದಿನ ಜಿಮ್ಮಿನಲ್ಲಿ ಮಣ್ಣಿಲ್ಲ, ಗದೆಯಿಲ್ಲ, ಸಾಲುಸಾಲಾಗಿ ಯಂತ್ರಗಳಿವೆ. ಅವುಗಳಲ್ಲಿ ಮೊದಲನೆಯದಾದ ಟ್ರೆಡ್‌ಮಿಲ್ಲಿನ ಹೆಸರಿಗೆ ಒಂದು ವಿನೋದವಾದ ಪೂರ್ವಕಥೆಯುಂಟು. 1818ರಲ್ಲಿ ವಿಲಿಯಂ ಕ್ಯುಬಿಟ್ ಎಂಬ ಇಂಗ್ಲಿಷ್ ಎಂಜಿನಿಯರು ಸೆರೆಮನೆಯ ಕೈದಿಗಳ ದುಡಿಮೆಗಾಗಿ ರೂಪಿಸಿದ ತುಳಿಚಕ್ರಕ್ಕೆ ಸಂದ ಹೆಸರು ಅದು. ಕೈದಿಗಳು ಗಂಟೆಗಟ್ಟಲೆ ಮೆಟ್ಟಿಲು ತುಳಿಯುತ್ತ ಎಲ್ಲಿಗೂ ತಲುಪುತ್ತಿರಲಿಲ್ಲ. ಆ ಶಿಕ್ಷೆ ಅತಿ ಕ್ರೂರವೆಂದು 1898ರ ಕಾಯಿದೆ ಅದನ್ನು ಕೊನೆಗಾಣಿಸಿತು. ಕೈದಿಗಳಿಗೆ ತಪ್ಪಿದ ಆ ನಡಿಗೆಯನ್ನು ಇಂದು ಗೃಹಸ್ಥರು ಹಣ ಕೊಟ್ಟು ನಡೆಯುತ್ತಾರೆ.

ರಾಯರಿಗೆ ಮಂಡಿ ಸ್ವಲ್ಪ ಸೂಕ್ಷ್ಮ. ಆದ್ದರಿಂದ ಅಲ್ಲಿನ ತರುಣ ಶಿಕ್ಷಕ ಅವರನ್ನು ‘ಎಲಿಪ್ಟಿಕಲ್’ ಎಂಬ ಯಂತ್ರಕ್ಕೆ ಹತ್ತಿಸಿದ. ಪ್ರಿಕೋರ್ ಎಂಬ ಅಮೆರಿಕದ ಸಂಸ್ಥೆ 1995ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ಯಂತ್ರದಲ್ಲಿ ಓಟದ ಶ್ರಮವುಂಟು, ನೆಲದ ಪೆಟ್ಟಿಲ್ಲ. ಎರಡು ಅಗಲವಾದ ಪಾದಪಟ್ಟಿಗಳ ಮೇಲೆ ನಿಂತು, ಎರಡು ಹಿಡಿಗಳನ್ನು ಹಿಡಿದು, ಗಾಳಿಯಲ್ಲಿ ಮೊಟ್ಟೆಯ ಆಕಾರವನ್ನು ಬರೆಯುವಂತೆ ಕಾಲಾಡಿಸಬೇಕು. ಓಡುವವನ ಪಾದ ಪ್ರತಿ ಹೆಜ್ಜೆಗೂ ನೆಲದಿಂದ ಬಿಡುಗಡೆ ಪಡೆಯುತ್ತದೆ. ಈ ಯಂತ್ರದ ಮೇಲೆ ಪಾದ ಪಟ್ಟಿಯನ್ನು ಬಿಟ್ಟು ಏಳುವುದೇ ಇಲ್ಲ. ಸುಖವೂ ಅದೇ, ದೋಷವೂ ಅದೇ.

ಮೊದಲ ವಾರ ಎಲ್ಲವೂ ನೆಟ್ಟಗಿತ್ತು. ಎರಡನೆಯ ವಾರದಲ್ಲಿ ಯಂತ್ರದ ಗಡಿಯಾರ ಹನ್ನೆರಡು ನಿಮಿಷವನ್ನು ತೋರಿಸುವ ಹೊತ್ತಿಗೆ ಬಲಗಾಲಿನ ಬೆರಳುಗಳಲ್ಲಿ ಜುಮುಗುಟ್ಟುವಿಕೆ ಆರಂಭವಾಯಿತು. ಹದಿನೈದನೆಯ ನಿಮಿಷಕ್ಕೆ ಪಾದದ ಮುಂಭಾಗ ಬೂಟಿನೊಳಗೆ ಇದೆಯೋ ಇಲ್ಲವೋ ತಿಳಿಯದಂತಾಯಿತು. ಕೆಳಗಿಳಿದು ಬೆಂಚಿನ ಮೇಲೆ ಕುಳಿತು ಐದು ನಿಮಿಷ ಕಳೆದರೆ ಎಲ್ಲವೂ ಮೊದಲಿನಂತೆ. ಮರುದಿನವೂ ಅದೇ ಹನ್ನೆರಡನೆಯ ನಿಮಿಷ. ಅದರ ಮರುದಿನವೂ ಅದೇ.

ರಾಯರು ಮನೆಯಲ್ಲಿ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣವಿತ್ತು. ಅವರ ತಂದೆಗೆ ಸಕ್ಕರೆ ಕಾಯಿಲೆಯಿತ್ತು. ಹಾಸನದ ಕಡೆಯ ಊರಿನಲ್ಲಿ ಶಾಲೆಯ ಮೇಷ್ಟ್ರಾಗಿದ್ದ ಆ ವೃದ್ಧರು ಒಂದು ಬೇಸಗೆಯಲ್ಲಿ ಹೊಸ ಚಪ್ಪಲಿ ಕಚ್ಚಿದ ಗಾಯವನ್ನು ಲೆಕ್ಕಿಸದೆ ಓಡಾಡಿದರು. ‘ನೋವೇ ಇಲ್ಲವಲ್ಲ, ತಾನಾಗಿ ಮಾಯುತ್ತದೆ’ ಎಂಬುದು ಅವರ ಮಾತು. ಗಾಯ ಮಾಯಲಿಲ್ಲ. ಮೊದಲು ಹೆಬ್ಬೆರಳು ಹೋಯಿತು. ಆರು ತಿಂಗಳಲ್ಲಿ ಮಂಡಿಯ ಕೆಳಗಿನ ಕಾಲು ಹೋಯಿತು. ಆಗ ರಾಯರಿಗೆ ಇಪ್ಪತ್ತೆಂಟು ವರ್ಷ. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವರು ಅವರೇ. ಆ ರುಜು ಅವರ ಮನಸ್ಸಿನಿಂದ ಅಳಿಸಿಹೋಗಿರಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಕಾಲು ಮಂಕಾದಾಗಲೆಲ್ಲ ಆ ಕಾಗದ ಕಣ್ಣಮುಂದೆ ಬರುತ್ತಿತ್ತು.

ಮನೆಯಲ್ಲಿ ಮುಚ್ಚಿಟ್ಟರೂ ಜಿಮ್ಮಿನಲ್ಲಿ ಬಾಯಿಬಿಟ್ಟರು. ಬಿಟ್ಟದ್ದೇ ತಡ, ನಾಲ್ಕು ದಿಕ್ಕಿನಿಂದ ನಾಲ್ಕು ಶಾಸ್ತ್ರಗಳು ಬಂದವು. ಶಿಕ್ಷಕ ‘ನೀರು ಸಾಲದು, ಸರ್’ ಎಂದ. ಪಕ್ಕದ ಯಂತ್ರದ ನಿವೃತ್ತ ತಹಸೀಲ್ದಾರರು ‘ಇದು ವಾಯು, ಎಳ್ಳೆಣ್ಣೆ ತಿಕ್ಕಿ’ ಎಂದರು. ಸಾಫ್ಟ್‌ವೇರ್ ಕಂಪೆನಿಯ ತರುಣಿಯೊಬ್ಬಳು ‘ಬೆನ್ನುಹುರಿಯ ಸ್ಕ್ಯಾನ್ ಮಾಡಿಸಿಬಿಡಿ, ಅಂಕಲ್’ ಎಂದಳು. ಇನ್ನೊಬ್ಬರು ತಮ್ಮ ಭಾವಮೈದುನನಿಗೆ ಹೀಗೆಯೇ ಆಗಿ ಕೊನೆಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತೆಂದು ತಿಳಿಸಿ, ‘ಹೆದರಬೇಡಿ’ ಎಂದು ಸೇರಿಸಿದರು. ರಾಯರು ಹೆದರಿದರು. ಯಂತ್ರವನ್ನು ಬಿಟ್ಟು, ಜಿಮ್ಮಿನ ಹೆಸರಿನಲ್ಲಿ ಉದ್ಯಾನದ ಕಲ್ಲುಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತು ಮನೆಗೆ ಬರಲಾರಂಭಿಸಿದರು.

ಗಂಡಸರ ಗುಟ್ಟು ಮನೆಯಾಕೆಯಿಂದ ಎಷ್ಟು ದಿನ ಉಳಿದೀತು? ಒಗೆಯಲು ತೆಗೆದ ಅಂಗಿಯಲ್ಲಿ ಬೆವರಿನ ಸುಳಿವೇ ಇಲ್ಲದ್ದನ್ನು ಕಂಡು ನಾಲ್ಕನೆಯ ದಿನ ಆಕೆ ಕೇಳಿದರು: “ಏನೂಂದ್ರೆ, ಜಿಮ್ಮಿಗೆ ಹೋಗುತ್ತಿದ್ದೀರೋ ಇಲ್ಲವೋ?”

ರಾಯರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಹೋಗುತ್ತಿದ್ದೇನಲ್ಲ.”

“ಹೋದವರ ಬನಿಯನ್ನು ಹೀಗಿರುವುದಿಲ್ಲ. ಏನಾಗಿದೆ ಹೇಳಿ.”

ಕಾಫಿ ಆರಿತು, ಮಾತು ಹೊರಬಂದಿತು. ತಂದೆಯ ಹೆಸರು ಬರುವ ಹೊತ್ತಿಗೆ ರಾಯರ ಗಂಟಲು ಒಂದಿಷ್ಟು ಕಟ್ಟಿತು. ಆಕೆ ಹೆಚ್ಚು ಮಾತನಾಡಲಿಲ್ಲ. “ಇವತ್ತೇ ಡಾಕ್ಟರಮ್ಮನ ಹತ್ತಿರ ಹೋಗೋಣ. ನಾನೂ ಬರುತ್ತೇನೆ. ಆ ಬೂಟನ್ನೂ ಹಾಕಿಕೊಂಡು ಬನ್ನಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಬಡಾವಣೆಯ ಆ ಹಿರಿಯ ವೈದ್ಯೆ ಸ್ಕ್ಯಾನಿಗೆ ಚೀಟಿ ಬರೆಯುವ ಮುನ್ನ ಪ್ರಶ್ನೆಗಳನ್ನು ಕೇಳುವ ಹಳೆಯ ಪದ್ಧತಿಯವರು. ಜೋಮು ಒಂದೇ ಕಾಲಿಗೋ, ಎರಡಕ್ಕೂ ಉಂಟೋ? ಎಲ್ಲಿಂದ ಆರಂಭ, ಎಲ್ಲಿಯವರೆಗೆ? ನಿಂತರೆ ಹೋಗುವುದೋ, ಕುಳಿತು ಮುಂದಕ್ಕೆ ಬಗ್ಗಿದರೆ ಮಾತ್ರ ಹೋಗುವುದೋ? ಮೀನಖಂಡದಲ್ಲಿ ನೋವುಂಟೋ? ರಾತ್ರಿ ಹಾಸಿಗೆಯಲ್ಲಿ ಕಾಡುವುದೋ? ಸೊಂಟದಿಂದ ಎಳೆತವುಂಟೋ?

ಈ ಪ್ರಶ್ನೆಗಳಲ್ಲಿ ಒಂದೂ ವ್ಯರ್ಥವಾದದ್ದಲ್ಲ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದು ನೋಯುತ್ತದೆ. ಸುಮ್ಮನೆ ನಿಂತರೆ ಸಾಕು, ಇಳಿಯುತ್ತದೆ. ಧೂಮಪಾನಿಗಳಿಗೂ ಸಕ್ಕರೆ ಕಾಯಿಲೆಯವರಿಗೂ ಇದರ ಭಯ ಹೆಚ್ಚು. ಸೊಂಟದ ಮೂಳೆಗಳ ನಡುವೆ ನರಗಳ ದಾರಿ ಇಕ್ಕಟ್ಟಾಗಿದ್ದರೆ ನಡೆದಾಗ, ನಿಂತಾಗ ಕಾಲು ಜೋಮು ಹಿಡಿಯುತ್ತದೆ. ಕುಳಿತರೆ ಅಥವಾ ಮುಂದಕ್ಕೆ ಬಗ್ಗಿದರೆ ಸಡಿಲಾಗುತ್ತದೆ. ಅಂಥವರು ನಡೆಯಲಾರದ ದೂರವನ್ನು ಸೈಕಲ್ಲಿನಲ್ಲಿ ಬಗ್ಗಿ ಕುಳಿತು ಸಲೀಸಾಗಿ ಕ್ರಮಿಸುವುದುಂಟು. ಓಟಗಾರರಲ್ಲಿ ಕೆಲವರಿಗೆ ಮೊಣಕಾಲಿನ ಕೆಳಗಿನ ಸ್ನಾಯುಗಳು ತಮ್ಮ ಕವಚದೊಳಗೆ ಉಬ್ಬಿ, ಬಿಗಿತ, ನೋವು, ಜೋಮುಗಳನ್ನು ತರುತ್ತವೆ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಿನ ನರ ದಪ್ಪವಾಗಿ, ಬೂಟಿನೊಳಗೆ ಕಲ್ಲುಹರಳು ಸಿಕ್ಕಿದಂತೆ ಚುಚ್ಚುವುದು ಬೇರೊಂದು ತೊಂದರೆ. ಫಿಲಡೆಲ್ಫಿಯದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ 1876ರಲ್ಲಿ ಅದನ್ನು ವರ್ಣಿಸಿದುದರಿಂದ ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ರಾಯರ ಉತ್ತರಗಳು ಇವುಗಳಲ್ಲಿ ಯಾವುದಕ್ಕೂ ಹೊಂದಲಿಲ್ಲ. ಜೋಮು ಒಂದೇ ಕಾಲಿಗೆ. ಪಾದದ ಮುಂಭಾಗಕ್ಕೆ ಮಾತ್ರ. ಯಂತ್ರದ ಮೇಲಲ್ಲದೆ ಬೇರೆಲ್ಲಿಯೂ ಇಲ್ಲ. ಇಳಿದ ಐದು ನಿಮಿಷಕ್ಕೆ ಮಾಯ. ವೈದ್ಯೆ ಪಾದದ ಮೇಲೆ ಹಾಗೂ ಹರಡಿನ ಹಿಂದೆ ನಾಡಿಯನ್ನು ಮುಟ್ಟಿ ನೋಡಿದರು. ಎರಡೂ ಕಡೆ ಚೆನ್ನಾಗಿ ಮಿಡಿಯುತ್ತಿತ್ತು. ಆಮೇಲೆ ಬೂಟನ್ನು ಬಿಚ್ಚಿಸಿದರು. ಬಲಪಾದದ ಮೇಲೆ ದಾರದ ಅಡ್ಡಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು.

“ಈ ಬೂಟು ಎಷ್ಟು ವರ್ಷದ್ದು, ರಾಯರೇ?”

“ಹದಿನೈದು ವರ್ಷವಾಗಿರಬೇಕು. ನನ್ನದು ಮೊದಲಿಂದಲೂ ಎಂಟನೆಯ ನಂಬರೇ.”

“ಬೂಟು ಎಂಟರಲ್ಲಿಯೇ ಉಳಿದಿದೆ. ಕಾಲು ಮುಂದಕ್ಕೆ ಹೋಗಿದೆ.”

ವಯಸ್ಸಾದಂತೆ ಪಾದದ ಕಟ್ಟುಗಳು ಸಡಿಲಗೊಂಡು ಪಾದ ಅಗಲವಾಗುತ್ತದೆ, ಕೊಂಚ ನೀಳವೂ ಆಗುತ್ತದೆ. ಎರಡು ಪಾದಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವೂ ಇಲ್ಲ. ರಾಯರ ಬಲಪಾದ ದೊಡ್ಡದು. ವ್ಯಾಯಾಮ ಮಾಡುವಾಗ ಪಾದ ಮತ್ತಷ್ಟು ಊದಿಕೊಳ್ಳುತ್ತದೆ. ಬಿಗಿಯಾಗಿ ಕಟ್ಟಿದ ದಾರ ಮೇಲಿನಿಂದ ಒತ್ತುತ್ತದೆ. ಅಲುಗದ ಪಾದಪಟ್ಟಿ ಕೆಳಗಿನಿಂದ ಒತ್ತುತ್ತದೆ. ಬಿದ್ದೇನೆಂಬ ಅಂಜಿಕೆಯಿಂದ ರಾಯರು ಬೆರಳುಗಳನ್ನು ಮಡಿಸಿ ಪಟ್ಟಿಯನ್ನು ಕಚ್ಚಿಹಿಡಿಯುತ್ತಿದ್ದರು. ಈ ಮೂರರ ನಡುವೆ ಸಿಕ್ಕಿದ ಸಣ್ಣ ನರಗಳು ಹನ್ನೆರಡು ನಿಮಿಷ ತಾಳಿಕೊಂಡು ಆಮೇಲೆ ಗೊಣಗುತ್ತಿದ್ದವು. ಮದುವೆಯ ಪಂಕ್ತಿಯಲ್ಲಿ ಆಗುವುದೂ ಇದೇ. ಒತ್ತಡಕ್ಕೆ ಸಿಕ್ಕಿದ ನರಕ್ಕೂ, ಅದನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳಿಗೂ ಅಡ್ಡಿಯಾಗಿ ಸಂದೇಶಗಳು ನಿಲ್ಲುತ್ತವೆ. ಒತ್ತಡ ತೆಗೆದೊಡನೆ ಎಚ್ಚರಗೊಂಡ ನರತಂತುಗಳು ಕ್ರಮ ತಪ್ಪಿ ಒಟ್ಟಿಗೆ ಮಾತನಾಡುವುದರಿಂದ ಜುಮುಜುಮು ಎನ್ನಿಸುತ್ತದೆ.

ಮದ್ದು ಸುಲಭವಾಗಿತ್ತು. ಬೂಟನ್ನು ಸಂಜೆಯ ಹೊತ್ತು, ಪಾದ ಪೂರ್ತಿ ಹರಡಿಕೊಂಡಿರುವಾಗ, ದೊಡ್ಡ ಪಾದದ ಅಳತೆಗೆ ಕೊಳ್ಳಬೇಕು. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗವಿರಬೇಕು. ಮುಂಭಾಗದ ದಾರ ಸಡಿಲವಾಗಿರಬೇಕು. ಯಂತ್ರದ ಮೇಲೆ ನಾಲ್ಕೈದು ನಿಮಿಷಕ್ಕೊಮ್ಮೆ ಹಿಮ್ಮಡಿಯನ್ನೆತ್ತಿ, ಬೆರಳುಗಳನ್ನಾಡಿಸಿ, ಪಾದದ ಜಾಗವನ್ನು ಬದಲಿಸಬೇಕು. ಭಾರವೆಲ್ಲ ಮುಂಗಾಲಿನ ಮೇಲೆ ಬೀಳದೆ ಪೂರ್ತಿ ಅಂಗಾಲಿನ ಮೇಲೆ ಹರಡಬೇಕು. ಇಷ್ಟಾದ ಮೇಲೂ ಜೋಮು ಉಳಿದರೆ ಮತ್ತೆ ಬರತಕ್ಕದ್ದು. ತಂದೆಯ ಚರಿತ್ರೆಯಿರುವುದರಿಂದ ರಕ್ತದ ಸಕ್ಕರೆಯನ್ನೂ ನೋಡಿಸಲು ಹೇಳಿದರು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಸಕ್ಕರೆಯ ಮಾತು ಬಂದುದರಿಂದ, ಇದುವರೆಗೆ ಸುಮ್ಮನೆ ಕುಳಿತಿದ್ದ ರಾಯರ ಪತ್ನಿ ಸ್ವಲ್ಪ ಹೆಮ್ಮೆಯಿಂದಲೇ ನುಡಿದರು: “ಇವರಿಗೆ ಸುಮ್ಮನೆ ಭಯ, ಡಾಕ್ಟರಮ್ಮ. ಒಂಬತ್ತು ವರ್ಷದಿಂದ ಸಕ್ಕರೆ ಇರುವುದು ನನಗೆ. ಊರಿನ ಹತ್ತಿರದವರೇ ಒಬ್ಬರು ನೋಡುತ್ತಾರೆ, ಮಾತ್ರೆ ತಪ್ಪಿಸಿಲ್ಲ. ನನ್ನ ಕಾಲಿಗೆ ಏನೂ ಆಗಿಲ್ಲ, ಏನೂ ಅನ್ನಿಸುವುದೇ ಇಲ್ಲ.”

ವೈದ್ಯೆಯ ಲೇಖನಿ ನಿಂತಿತು. “ನೀವು ಇಲ್ಲಿ ಬಂದು ಮಲಗಿ, ಅಮ್ಮ” ಎಂದರು.

ಮೇಜಿನ ಖಾನೆಯಿಂದ ಅವರು ತೆಗೆದದ್ದು ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ. ನೋಡಲು ಬ್ರಷ್ಷಿನಿಂದ ಕಿತ್ತ ಕೂದಲಿನಂತಿರುವ ಈ ಸಾಧನವನ್ನು ಅಂಗಾಲಿಗೆ ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಆ ಒತ್ತಡವನ್ನೂ ಅರಿಯದ ಪಾದ ತನ್ನನ್ನು ತಾನು ರಕ್ಷಿಸಿಕೊಳ್ಳಲಾರದೆಂಬುದು ವೈದ್ಯರ ಅನುಭವ. ಕಣ್ಣು ಮುಚ್ಚಿ, ಮುಟ್ಟಿದಾಗಲೆಲ್ಲ ‘ಹೂಂ’ ಎನ್ನಬೇಕೆಂದು ಆಕೆಗೆ ತಿಳಿಸಿ, ಮೊದಲು ಮುಂಗೈಗೆ ಮುಟ್ಟಿಸಿದರು.

“ಹೂಂ.”

ಆಮೇಲೆ ಎಡಗಾಲಿನ ಹೆಬ್ಬೆರಳಿಗೆ ಮುಟ್ಟಿಸಿದರು. ಎಳೆ ಬಾಗಿತು. ಆಕೆ ಮುಗುಳ್ನಗುತ್ತ ಕಾಯುತ್ತಿದ್ದರು. ಬೆರಳಿನ ಬುಡಕ್ಕೆ ಮುಟ್ಟಿಸಿದರು, ಎಳೆ ಬಾಗಿತು. ಬಲಗಾಲಿಗೆ ಮುಟ್ಟಿಸಿದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ರಾಯರು ಒಂದೊಂದು ಸಲ ಎಳೆ ಬಾಗಿದಾಗಲೂ ಹೆಂಡತಿಯ ಮುಖವನ್ನು ನೋಡುತ್ತಿದ್ದರು.

“ಶುರು ಮಾಡಿ, ಡಾಕ್ಟರಮ್ಮ” ಎಂದರು ಆಕೆ, ಕಣ್ಣು ಮುಚ್ಚಿಕೊಂಡೇ.

ಬಲ ಅಂಗಾಲಿನಲ್ಲಿ, ಎರಡನೆಯ ಬೆರಳಿನ ಬುಡದಲ್ಲಿ ದಪ್ಪಗಟ್ಟಿದ ಚರ್ಮದ ನಡುವೆ ಒಂದು ಕಪ್ಪು ಚುಕ್ಕೆಯಿತ್ತು, ಸುತ್ತ ಕೆಂಪಗಾಗಿತ್ತು. ವೈದ್ಯೆ ಚಿಮುಟದಿಂದ ಮೆಲ್ಲನೆ ಎಳೆದು ಹತ್ತಿಯ ಮೇಲೆ ಇಟ್ಟದ್ದು ಒಂದು ಹಸಿರು ಗಾಜಿನ ಚೂರು. ಆಕೆ ಎದ್ದು ಕುಳಿತು ಅದನ್ನು ಗುರುತಿಸಿದರು. ಶನಿವಾರ ಅಡಿಗೆಮನೆಯಲ್ಲಿ ಕೈಯ ಬಳೆ ಒಡೆದಿತ್ತು. ಚೂರುಗಳನ್ನು ಗುಡಿಸಿ ಹಾಕಿದ್ದರು. ಅಂದು ಬುಧವಾರ. ನಾಲ್ಕು ದಿನ ಆ ಚೂರಿನ ಮೇಲೆಯೇ ನಿಂತು ಅನ್ನ ಬಸಿದಿದ್ದರು, ದೇವರಿಗೆ ಪ್ರದಕ್ಷಿಣೆ ಬಂದಿದ್ದರು, ಮಾರುಕಟ್ಟೆಗೆ ಹೋಗಿ ಬಂದಿದ್ದರು.

ರಾಯರು ಕುರ್ಚಿಯನ್ನು ಹಿಡಿದು ಕುಳಿತುಕೊಂಡರು.

ಶರೀರದ ನರಗಳಲ್ಲಿ ಕಾಲ್ಬೆರಳಿಗೆ ಹೋಗುವವು ಅತ್ಯಂತ ನೀಳವಾದವು. ಬೆನ್ನಿನಿಂದ ಹೊರಟ ಒಂದೊಂದು ತಂತುವೂ ಸುಮಾರು ಒಂದು ಮೀಟರಿನಷ್ಟು ಉದ್ದವಿರುತ್ತದೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಮೊದಲು ಸೋಲುವುವು ಈ ನೀಳವಾದ ತಂತುಗಳೇ. ಆದ್ದರಿಂದ ಕಾಲುಚೀಲ ತೊಟ್ಟಂತೆ, ಎರಡೂ ಪಾದಗಳಲ್ಲಿ, ಬೆರಳುಗಳಿಂದ ಮೇಲಕ್ಕೆ ಮರಗಟ್ಟುವಿಕೆ ಏರುತ್ತ ಬರುತ್ತದೆ. ಕೆಲವರಿಗೆ ಮೊದಲು ಉರಿ, ಜೋಮು ಕಾಣಿಸುತ್ತವೆ, ರಾತ್ರಿಯಲ್ಲಿ ಹೆಚ್ಚು. ಕೆಲವರಿಗೆ ಏನೂ ಕಾಣಿಸದೆಯೇ ಸ್ಪರ್ಶ ಹೋಗಿಬಿಡುತ್ತದೆ. ವಿಚಾರಿಸಿದಾಗ, ಎರಡು ವರ್ಷಗಳ ಹಿಂದೆ ತಮಗೂ ರಾತ್ರಿ ಅಂಗಾಲು ಉರಿಯುತ್ತಿತ್ತೆಂದೂ, ದಿನವೆಲ್ಲ ನಿಂತದ್ದರಿಂದ ಎಂದುಕೊಂಡು ಹರಳೆಣ್ಣೆ ಸವರುತ್ತಿದ್ದೆನೆಂದೂ, ಈಚೆಗೆ ಅದು ‘ತಾನಾಗಿಯೇ ವಾಸಿಯಾಯಿತು’ ಎಂದೂ ಆಕೆ ತಿಳಿಸಿದರು. ವಾಸಿಯಾದದ್ದಲ್ಲ, ಕೂಗಿ ಕೂಗಿ ದಣಿದ ನರ ಸುಮ್ಮನಾಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ಈ ದೇಶದಲ್ಲಿ 2021ರ ವೇಳೆಗೆ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಅವರ ಮನೆಗಳಲ್ಲಿ ಊಟಕ್ಕೆ ಮೊದಲಿನ ಸಕ್ಕರೆ, ಊಟದ ಮೇಲಿನ ಸಕ್ಕರೆ ಎಂಬ ಅಂಕೆಗಳು ಮಗ್ಗಿಯಂತೆ ಬಾಯಿಪಾಠವಾಗಿವೆ. ಆದರೆ ವರ್ಷಕ್ಕೊಮ್ಮೆಯಾದರೂ ಅಂಗಾಲನ್ನು ವೈದ್ಯರಿಗೆ ತೋರಿಸಬೇಕೆಂಬುದು ಎಷ್ಟು ಮನೆಗಳಲ್ಲಿ ತಿಳಿದಿದೆ? ರಾಯರ ಪತ್ನಿಗೆ ಒಂಬತ್ತು ವರ್ಷಗಳಲ್ಲಿ ಯಾರೂ ಚಪ್ಪಲಿ ಬಿಚ್ಚೆಂದು ಹೇಳಿರಲಿಲ್ಲ.

ನೋವನ್ನು ಶತ್ರುವೆಂದು ಬಗೆಯುವುದು ಲೋಕದ ವಾಡಿಕೆ. ಆ ವಾಡಿಕೆಯನ್ನು ತಿದ್ದಿದವರು ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಸೇವೆಗೆ ನಿಂತರು. ಕುಷ್ಠರೋಗ ಬೆರಳುಗಳನ್ನು ತಿಂದುಹಾಕುತ್ತದೆಂದು ಜನ ನಂಬಿದ್ದ ಕಾಲ ಅದು. ರೋಗ ಕೆಡಿಸುವುದು ನರಗಳನ್ನು; ನೋವು ತಿಳಿಯದೆ ಆದ ಸುಟ್ಟಗಾಯ, ಕೊಯ್ತ, ಒತ್ತುಗಳೇ ಬೆರಳುಗಳನ್ನು ಕಳೆಯುತ್ತವೆ ಎಂದು ಬ್ರ್ಯಾಂಡ್ ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಅದೇ ತತ್ತ್ವವನ್ನು ಸಕ್ಕರೆ ಕಾಯಿಲೆಯವರ ಪಾದಗಳಿಗೂ ಅನ್ವಯಿಸಿದರು.

ಅವರೇ ಹೇಳಿಕೊಂಡ ಒಂದು ಪ್ರಸಂಗವುಂಟು. ಅಮೆರಿಕದಿಂದ ಇಂಗ್ಲೆಂಡಿಗೆ ಬಂದಿಳಿದು, ರೈಲಿನಲ್ಲಿ ಬಹಳ ಹೊತ್ತು ಕುಳಿತು ಲಂಡನ್ನನ್ನು ಸೇರಿದ ರಾತ್ರಿ, ಕಾಲುಚೀಲ ತೆಗೆಯುವಾಗ ಹಿಮ್ಮಡಿಯಲ್ಲಿ ಸ್ಪರ್ಶವಿಲ್ಲದ್ದು ಅವರ ಅರಿವಿಗೆ ಬಂದಿತು. ಸೂಜಿಯಿಂದ ಚುಚ್ಚಿಕೊಂಡರು; ರಕ್ತ ಬಂದಿತು, ನೋವು ಬರಲಿಲ್ಲ. ಕುಷ್ಠ ತಮಗೂ ತಗುಲಿತೆಂದು ಆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಾಯಿತು. ರೈಲಿನಲ್ಲಿ ಕುಳಿತ ಭಂಗಿಯಲ್ಲಿ ನರ ಒತ್ತಿಹೋಗಿತ್ತು, ಅಷ್ಟೆ. ಆ ನೋವಿನಷ್ಟು ಆನಂದವನ್ನು ಅವರು ಬೇರಾವುದರಿಂದಲೂ ಪಡೆಯಲಿಲ್ಲವೆಂದು ತೋರುತ್ತದೆ. ರಾಯರ ಹನ್ನೆರಡನೆಯ ನಿಮಿಷದ ಜೋಮು ಬ್ರ್ಯಾಂಡರ ಹಿಮ್ಮಡಿಯ ಜಾತಿಯದು. ಬರುತ್ತದೆ, ಹೆದರಿಸುತ್ತದೆ, ಹೋಗುತ್ತದೆ. ಅವರ ಪತ್ನಿಯ ಪಾದದ ಮೌನ ಬೇರೆ ಜಾತಿಯದು.

ಗಾಯವನ್ನು ತೊಳೆದು ಕಟ್ಟಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ವೈದ್ಯೆ ಆಕೆಗೆ ಕೆಲವು ನಿಯಮಗಳನ್ನು ಹೇಳಿದರು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದು; ಅಡಿಗೆಮನೆಗೆ ಬೇರೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಬೇಕು. ಸ್ನಾನದ ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸದೆ ಕೈಯಿಂದ ಪರೀಕ್ಷಿಸಬೇಕು. ಶಾಖಕ್ಕೆ ಬಿಸಿನೀರಿನ ಚೀಲವನ್ನು ಪಾದಕ್ಕೆ ಇಡಲಾಗದು. ದಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಕೊಯ್ದುಕೊಳ್ಳಲಾಗದು. ಬೆರಳಿಗೆ ಬಿಗಿಯಾಗಿದ್ದ ಕಾಲುಂಗುರವನ್ನು ಸಡಿಲಗೊಳಿಸಬೇಕು. ದೇವಸ್ಥಾನದ ಬಿಸಿಲಿನ ಕಲ್ಲಿನ ಮೇಲೆ ಕಾಲುಚೀಲವಿಲ್ಲದೆ ಸುತ್ತಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ರಾತ್ರಿ ಎರಡು ಅಂಗಾಲುಗಳನ್ನೂ ಬೆರಳುಗಳ ಸಂದನ್ನೂ ಕಣ್ಣಿನಿಂದ ನೋಡಬೇಕು. ನರ ಮಾಡಬೇಕಾದ ಕೆಲಸವನ್ನು ಇನ್ನು ಮೇಲೆ ಕಣ್ಣು ಮಾಡಬೇಕು.

ರಕ್ತಪರೀಕ್ಷೆಯ ಚೀಟಿಯಲ್ಲಿ ಬಿ-12 ಜೀವಸತ್ವವೂ ಸೇರಿತ್ತು. 1948ರಲ್ಲಿ ಪ್ರತ್ಯೇಕಿಸಲ್ಪಟ್ಟ ಈ ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರುಗಳಿಂದಲ್ಲದೆ ದೊರೆಯುವುದು ಕಷ್ಟ. ಸಕ್ಕರೆಗೆಂದು ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಳು ಕಳೆದಂತೆ ಅದರ ಮಟ್ಟವನ್ನು ಇಳಿಸಬಲ್ಲದು. ಅದು ಕಡಿಮೆಯಾದರೂ ಪಾದ ಮರಗಟ್ಟುತ್ತದೆ. ಈ ಕೊರತೆಗೆ ಮದ್ದುಂಟು, ಆದರೆ ಬೇಗ ಕಂಡುಹಿಡಿಯಬೇಕು. ಮೊಸರನ್ನವನ್ನೂ ಮಾತ್ರೆಯನ್ನೂ ನಂಬಿ ನಿಶ್ಚಿಂತರಾಗಿರುವ ಮನೆಗಳು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ಯಾವ ಮರಗಟ್ಟುವಿಕೆಗೆ ಮರುದಿನದವರೆಗೆ ಕಾಯಕೂಡದೆಂಬುದನ್ನೂ ತಿಳಿದಿರಬೇಕು. ಮುಖ, ಕೈ, ಕಾಲು ಒಂದೇ ಪಾರ್ಶ್ವದಲ್ಲಿ ಒಮ್ಮೆಲೇ ಮಂಕಾದರೆ, ಮಾತು ತೊದಲಿದರೆ. ತೊಡೆಸಂದಿಯ ಸುತ್ತ ಸ್ಪರ್ಶ ಹೋಗಿ ಮೂತ್ರದ ಹತೋಟಿ ತಪ್ಪಿದರೆ. ಕಾಲು ಹಠಾತ್ತಾಗಿ ತಣ್ಣಗಾಗಿ ಬಿಳಚಿಕೊಂಡು ನೋಯತೊಡಗಿದರೆ. ಪಾದವನ್ನು ಮೇಲಕ್ಕೆತ್ತಲಾಗದೆ ಎಳೆದು ಹಾಕುವಂತಾದರೆ, ಎಣ್ಣೆ ತಿಕ್ಕುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಅಂದು ಆಟೋದಲ್ಲಿ ಮನೆಗೆ ಮರಳುವಾಗ ಗಂಡಹೆಂಡಿರು ಹೆಚ್ಚು ಮಾತನಾಡಲಿಲ್ಲ. ರಾತ್ರಿ ಊಟವಾದ ಮೇಲೆ ರಾಯರು ಟಾರ್ಚನ್ನು ತಂದು, ಮಂಚದ ಬಳಿ ಸ್ಟೂಲು ಹಾಕಿ ಕುಳಿತು, “ಕಾಲು ಇತ್ತ ಕೊಡು” ಎಂದರು.

ಆಕೆ ಸೀರೆಯ ಅಂಚನ್ನು ಎಳೆದುಕೊಂಡು ಕಾಲನ್ನು ಹಿಂದಕ್ಕೆ ಸರಿಸಿದರು. “ಅಯ್ಯೋ, ಬಿಡಿ ಅಂದ್ರೆ. ನೀವು ನನ್ನ ಕಾಲು ಮುಟ್ಟುವುದೆ? ನನಗೆ ಪಾಪ ಸುತ್ತಿಕೊಳ್ಳುತ್ತದೆ. ನಾನೇ ನೋಡಿಕೊಳ್ಳುತ್ತೇನೆ.”

“ನಿನಗೆ ಬಗ್ಗಿದರೆ ಸೊಂಟ ಹಿಡಿಯುತ್ತದೆ, ಕನ್ನಡಕವಿಲ್ಲದೆ ಕಾಣುವುದಿಲ್ಲ. ಮದುವೆಯ ದಿನ ನೂರು ಜನರ ಎದುರಿಗೆ ಈ ಕಾಲನ್ನು ಹಿಡಿದು ಕಲ್ಲಿನ ಮೇಲೆ ಇಡಿಸಿದವನು ಯಾರು? ಅಂದು ಸುತ್ತಿಕೊಳ್ಳದ ಪಾಪ ಇಂದು ಸುತ್ತಿಕೊಳ್ಳುತ್ತದೆಯೆ?”

ಆಕೆಗೆ ನಗು ಬಂದಿತು. ನಗುತ್ತಲೇ ಕಾಲನ್ನು ಮುಂದೆ ಚಾಚಿದರು. ಟಾರ್ಚಿನ ಬೆಳಕಿನಲ್ಲಿ ರಾಯರು ಹಿಮ್ಮಡಿಯನ್ನು ನೋಡಿದರು. ಬೆರಳುಗಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎರಡು ಪಾದಗಳೂ ಒಡೆದು, ದಡ್ಡುಗಟ್ಟಿ, ಮೂವತ್ತು ವರ್ಷದ ಅಡಿಗೆಮನೆಯ ನೆಲವನ್ನು ಹೊತ್ತಿದ್ದವು. ಅವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಆ ಮದುವೆಯ ದಿನದ ಅನಂತರ ಅದೇ ಮೊದಲು ಎಂಬುದು ಅವರಿಗೆ ಆಗ ಹೊಳೆಯಿತು.

ಗಾಯ ಮಾಯಲು ಮೂರು ವಾರ ಹಿಡಿಯಿತು. ಬಿ-12 ಕಡಿಮೆಯಿದ್ದುದರಿಂದ ಚುಚ್ಚುಮದ್ದು ಆರಂಭವಾಯಿತು. ಕಳೆದುಹೋದ ಸ್ಪರ್ಶ ಎಷ್ಟು ಮರಳುವುದೆಂದು ವೈದ್ಯೆ ಭರವಸೆ ಕೊಡಲಿಲ್ಲ; ಇರುವುದನ್ನು ಕಾಯ್ದುಕೊಳ್ಳಬಹುದೆಂದಷ್ಟೇ ಹೇಳಿದರು. ರಾಯರ ಸಕ್ಕರೆ ಇನ್ನೂ ಗೆರೆ ದಾಟಿಲ್ಲ. ಅವರು ಒಂಬತ್ತನೆಯ ನಂಬರಿನ ಹೊಸ ಬೂಟು ಕೊಂಡು ಮತ್ತೆ ಯಂತ್ರವೇರಿದ್ದಾರೆ. ದಾರ ಬಿಗಿಯಾದ ದಿನ ಹನ್ನೆರಡನೆಯ ನಿಮಿಷಕ್ಕೆ ಹಳೆಯ ಇರುವೆಗಳು ಒಮ್ಮೊಮ್ಮೆ ಬರುವುದುಂಟು. ಈಗ ಅವರಿಗೆ ಅವುಗಳ ಮೇಲೆ ಕೋಪವಿಲ್ಲ. ಹಿಮ್ಮಡಿಯನ್ನೆತ್ತಿ, ಬೆರಳುಗಳನ್ನಾಡಿಸಿ, ಮುಂದುವರಿಯುತ್ತಾರೆ. ಮನೆಯಲ್ಲಿ ಟಾರ್ಚು ಬೀರುವಿನಿಂದ ಮಂಚದ ಪಕ್ಕಕ್ಕೆ ಬಂದಿದೆ. ರಾತ್ರಿ ಒಂಬತ್ತೂವರೆಗೆ, ಪುಣೆಯ ಮಗಳ ಫೋನು ಮುಗಿದೊಡನೆ, ಅದು ಹೊತ್ತಿಕೊಳ್ಳುತ್ತದೆ.